ಎರಡು ಕಣ್ಣಿನ ಕ್ಯಾಮೆರಾ ಮತ್ತು ಮನೆ ತುಂಬ ನೆಂಟರು

ಹಳೇ ಟ್ವಿನ್ ಲೆನ್ಸ್ ಕ್ಯಾಮೆರಾ ಬಳಸುವುದು ಹೇಗೆ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಕೈಪಿಡಿಯನ್ನು ಒಂದು ಮಧ್ಯಾಹ್ನ ಕೂತು ಓದಿದರೆ ಮುಗಿಯಿತು. ಆದರೆ ಅದರಲ್ಲಿ ನೆಂಟರ ಬಗ್ಗೆ ಒಂದು ಸಾಲೂ ಇಲ್ಲ. 1929ರಲ್ಲಿ ಬ್ರೌನ್‌ಶ್ವೈಗ್‌ನಲ್ಲಿ ರೋಲಿಫ್ಲೆಕ್ಸ್ ಮಾಡಿದ ಜರ್ಮನ್ನರಾಗಲಿ, ಆಮೇಲೆ ಯಾಷಿಕಾ ಮಾಡಿದ ಜಪಾನಿಯರಾಗಲಿ, ತೀರ್ಥಹಳ್ಳಿ ಕಡೆಯ ಗೃಹಪ್ರವೇಶಕ್ಕೆ ಬಂದು ಉಂಡು ಹೋದವರಲ್ಲ, ಅಲ್ವಾ.

ನನ್ನ ಹತ್ತಿರ ಇರುವುದು ಯಾಷಿಕಾ ಮ್ಯಾಟ್ 124ಜಿ, 1970ರಲ್ಲಿ ಬಂದ ಮಾದರಿ. ಮೇಲೊಂದು ಲೆನ್ಸ್, ಕೆಳಗೊಂದು ಲೆನ್ಸ್. ಮೇಲಿನದು ನಾವು ನೋಡಲಿಕ್ಕೆ, ಕೆಳಗಿನದು ಫಿಲ್ಮ್‌ಗೆ. ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ನೆತ್ತಿಯ ಮುಚ್ಚಳ ತೆರೆದು, ತಲೆ ಬಗ್ಗಿಸಿ ಗಾಜಿನಲ್ಲಿ ನೋಡಬೇಕು.

ತಾಪತ್ರಯ ಅಲ್ಲಿಂದಲೇ ಶುರು. ಹಿರಿಯರ ಮುಂದೆ ಹೋಗಿ, ಎರಡೂ ಕೈ ಜೋಡಿಸಿದ ಹಾಗೆ ಕ್ಯಾಮೆರಾ ಹಿಡಿದು ತಲೆ ತಗ್ಗಿಸಿದರೆ ಅವರಿಗೆ ಏನನ್ನಿಸಬೇಕು? ಪಾಪ, ಕೈ ಎತ್ತಿ ಆಶೀರ್ವಾದ ಮಾಡುತ್ತಾರೆ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅಜ್ಜಂದಿರೆಲ್ಲ ಅಭಯಹಸ್ತದಲ್ಲಿಯೇ ಇದ್ದಾರೆ. ಇದಕ್ಕೆ ಉಪಾಯ ಒಂದೇ. ಮೊದಲು ಸರಿಯಾಗಿ ಕಾಲಿಗೆ ನಮಸ್ಕಾರ ಮಾಡಿ ಆ ಲೆಕ್ಕ ಚುಕ್ತಾ ಮಾಡಿ, ಆಮೇಲೆ ಕ್ಯಾಮೆರಾ ತೆರೆಯಿರಿ.

ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಚೌಕಟ್ಟಿನಿಂದ ಜಾರುತ್ತಿರುವ ದೊಡ್ಡಪ್ಪನನ್ನು ಒಳಗೆ ತರಲು ಹೋಗಿ ನಾವು ಆಚೆ ತಿರುಗುತ್ತೇವೆ, ಅವರು ಪೂರ್ತಿ ಮಾಯವಾಗುತ್ತಾರೆ, ಅಷ್ಟರಲ್ಲಿ ನಮ್ಮನ್ನೇ ನೋಡುತ್ತಿದ್ದ ಅವರು ತಾವೇ ತಪ್ಪು ನಿಂತಿರಬೇಕು ಅಂದುಕೊಂಡು ಇನ್ನೊಂದು ಹೆಜ್ಜೆ ಸರಿದು ಹೂಕುಂಡದ ಮೇಲೆ ಕಾಲಿಡುತ್ತಾರೆ. ಗೊಂದಲವಾದಾಗ ಗಾಜು ನೋಡಬೇಡಿ. ತಲೆ ಎತ್ತಿ, ಮನುಷ್ಯ ಎಲ್ಲಿದ್ದಾನೆ ನೋಡಿ, ಆ ಕಡೆ ತಿರುಗಿ. ಓಡುವ ಮಕ್ಕಳಿಗಂತೂ ಮುಚ್ಚಳದ ಮುಂದಿನ ತಗಡನ್ನು ಒಳಕ್ಕೆ ಒತ್ತಿಬಿಡಿ. ನೇರವಾಗಿ ನೋಡಲು ಒಂದು ಚೌಕ ಕಿಂಡಿ ಸಿಗುತ್ತದೆ, ಅದರಲ್ಲಿ ಎಡ ಎಡವೇ.

ಇನ್ನು ಶಟರ್. ಲೆನ್ಸಿನ ಒಳಗೇ ಇರುವ ಎಲೆ ಶಟರ್ ಅದು, ಶಬ್ದ ಬಹಳ ಕಡಿಮೆ. ಒಳ್ಳೆಯದೇ, ಆದರೆ ನಮ್ಮವರಿಗೆ ಶಬ್ದ ಕೇಳದಿದ್ದರೆ ಫೋಟೊ ತೆಗೆದ ಹಾಗೆ ಅಲ್ಲ.

“ಆಯ್ತನಾ?”

“ಆಯ್ತು ದೊಡ್ಡಮ್ಮ.”

“ಎಂತ ಆಯ್ತು? ಶಬ್ದವೇ ಬರ್ಲಿಲ್ಲ. ಇನ್ನೊಂದು ತೆಗಿ ಮಾರಾಯ.”

120 ಫಿಲ್ಮ್‌ನಲ್ಲಿ ಸಿಗುವುದು 12 ಚಿತ್ರ. ಈ ‘ಇನ್ನೊಂದು’ ಅನ್ನುವುದರಲ್ಲೇ ಅರ್ಧ ರೋಲು ಹೋಗುತ್ತದೆ. ಹಾಗಾಗಿ ಈಗ ನಾನು ಮೊದಲು ಗುಂಡಿ ಮುಟ್ಟುವುದೇ ಇಲ್ಲ, ಬಾಯಲ್ಲೇ ‘ಟಿಕ್’ ಅನ್ನುತ್ತೇನೆ. ಎಲ್ಲರಿಗೂ ಸಮಾಧಾನ. ಆ ಟಿಕ್ ನಂತರ ಮುಖ ಸಡಿಲವಾಗಿ ನಗುತ್ತಾರಲ್ಲ, ಅದು ನಿಜವಾದ ಚಿತ್ರ, ಆಗ ಗುಂಡಿ ಒತ್ತಿ.

ಮಕ್ಕಳು ಹಿಂದಿನಿಂದ ಬಂದು “ತೋರಿಸು” ಅನ್ನುತ್ತಾರೆ. ಹಿಂದೆ ಪರದೆ ಇಲ್ಲ, ಬರೀ ಬಾಗಿಲು ಇದೆ, ಬಾಗಿಲು ಕಂಡರೆ ಮಕ್ಕಳು ತೆರೆಯುತ್ತವೆ, ಬೆಳಕು ನುಗ್ಗಿ ರೋಲು ಹಾಳು. ಚರ್ಮದ ಚೀಲದಿಂದ ಕ್ಯಾಮೆರಾವನ್ನು ಪೂರ್ತಿ ಹೊರತೆಗೆಯದೆ ಹಾಗೇ ಬಳಸಿ. ಹಳೇ ಸ್ಟುಡಿಯೋದವರು ಹಾಗೆ ಇಟ್ಟುಕೊಳ್ಳುತ್ತಿದ್ದುದು ಸುಮ್ನೆ ಅಲ್ಲ. ಆದರೆ ಮನೆಗೆ ಬಂದ ಮೇಲೆ ಚೀಲದಿಂದ ತೆಗೆದುಬಿಡಿ. ಮಲೆನಾಡಿನ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಬಂದರೆ ಲೆನ್ಸಿಗೂ ಹತ್ತುತ್ತದೆ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಅಷ್ಟೇ. ಅಕ್ಕಿ ಡಬ್ಬದಲ್ಲಿಡು ಅಂತ ಅಜ್ಜಿ ಹೇಳುತ್ತಾರೆ, ಆಮೇಲೆ ಅಕ್ಕಿಯ ಧೂಳನ್ನು ಹಲ್ಲಿನ ಚಕ್ರಗಳ ಸಂದಿಯಿಂದ ತೆಗೆಯುವುದು ಅಜ್ಜಿಯಲ್ಲವಲ್ಲ.

ಚಳಿಗೆ ಮಫ್ಲರ್ ಸುತ್ತಿಕೊಂಡು ಫೋಟೊ ತೆಗೆಯುವವರು ಸ್ವಲ್ಪ ನೋಡಿಕೊಳ್ಳಿ. ಮಫ್ಲರ್ ತುದಿ ಕೆಳಗಿನ ಲೆನ್ಸ್ ಮುಚ್ಚಿದರೂ ಮೇಲಿನ ಗಾಜಿನಲ್ಲಿ ಎಲ್ಲ ಚಂದವಾಗಿಯೇ ಕಾಣುತ್ತದೆ. ಎರಡು ಲೆನ್ಸ್‌ಗಳ ನಡುವೆ ಇರುವ ಅಂತರದಿಂದ ಇನ್ನೊಂದು ರಗಳೆಯೂ ಇದೆ. ಒಂದು ಮೀಟರ್ ಹತ್ತಿರದಿಂದ ತೆಗೆದರೆ ನೆತ್ತಿ ಕತ್ತರಿಸಿ ಹೋಗುತ್ತದೆ. ಫೋಕಸ್ ಆದ ಮೇಲೆ ಆ ಅಂತರದಷ್ಟು ಕ್ಯಾಮೆರಾ ಮೇಲೆತ್ತಿ ಒತ್ತಬೇಕು. ಮುಂಡಾಸು ಕಟ್ಟಿದ ಮದುಮಗನಿದ್ದರೆ ಇದು ಬಹಳ ಮುಖ್ಯ.

ನಮ್ಮ ಭಾವನ ವಿಷಯ ಬೇರೆಯೇ. ತಿರುಗುವುದೆಲ್ಲ ಅವರು ತಿರುಗಿಸಬೇಕು. ನಾನು ಊಟಕ್ಕೆ ಕೂತಿದ್ದಾಗ “ನೀನು ಉಣ್ಣು, ನಾನು ರೋಲು ಹಾಕ್ತೇನೆ” ಅಂದರು. ಫಿಲ್ಮ್ ಕಾಗದದ ಬಾಣದ ಗುರುತನ್ನು ಕ್ಯಾಮೆರಾದ ಚುಕ್ಕೆಗೆ ಸರಿಯಾಗಿಯೇ ಕೂರಿಸಿದ್ದರು, ಅದರಲ್ಲಿ ತಕರಾರಿಲ್ಲ. ಆದರೆ ಒಳಗಿನ ತಗಡಿನಲ್ಲಿ 120 ಮತ್ತು 220 ಅಂತ ಎರಡು ಆಯ್ಕೆ ಇದೆ. 220 ಅಂದರೆ ಎರಡು ಪಟ್ಟು ಉದ್ದದ, ಈಗ ಸಿಗುವುದೇ ಅಪರೂಪವಾದ ಫಿಲ್ಮ್. ಭಾವ ಅದಕ್ಕೇ ತಿರುಗಿಸಿದರು. ಕೇಳಿದರೆ, “24 ಬರುವಾಗ 12 ಯಾಕೆ ತೆಗಿಬೇಕು?” ಎಣಿಸುವ ಕಿಂಡಿ 12 ದಾಟಿ ಮುಂದೆ ಹೋಯಿತು, ಭಾವನೂ ಪಂಕ್ತಿಯ ಉದ್ದಕ್ಕೂ ಹೋದರು. ಎರಡನೇ ಪಂಕ್ತಿಯವರೆಲ್ಲ ಎಲೆಯ ಮುಂದೆ ನಗುತ್ತಾ ಕೂತದ್ದು ಬರೀ ಗಾಳಿಗೆ. ಆ ಚಿತ್ರಗಳು ಎಲ್ಲಿ ಅಂತ ಅವರು ಈಗಲೂ ಕೇಳುತ್ತಾರೆ, ನಾನು ಭಾವನ ಫೋನ್ ನಂಬರ್ ಕೊಡುತ್ತೇನೆ.

ಇವರಂಥವರು ಜೊತೆಗಿದ್ದರೆ ಲೆನ್ಸ್ ಪಕ್ಕದ ‘ವಿ’ ಗುರುತಿನ ಕಡೆ ಹೋಗದಂತೆಯೂ ಕಾಯಬೇಕು. ಅದು ಸೆಲ್ಫ್ ಟೈಮರ್. ಹಳೇ ಕ್ಯಾಮೆರಾಗಳಲ್ಲಿ ಅದು ಹಾದಿಯ ಮಧ್ಯೆ ನಿಂತರೆ ಶಟರೂ ನಿಲ್ಲುತ್ತದೆ. ಬೆಳಕಿನ ಮೀಟರನ್ನೂ ಜಾಸ್ತಿ ನಂಬಬೇಡಿ. ಅದು ಪಾದರಸದ 1.35 ವೋಲ್ಟ್ ಸೆಲ್‌ಗೆ ಮಾಡಿದ್ದು, ಈಗಿನ 1.5 ವೋಲ್ಟ್ ಸೆಲ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಒಳ್ಳೆ ಬಿಸಿಲಿಗೆ 100 ಐಎಸ್ಒ ಫಿಲ್ಮ್, ಅಪರ್ಚರ್ 16, ಶಟರ್ 1/125. ಜೂನ್‌ನಲ್ಲಿ ನಮ್ಮ ಕಡೆ ಇದನ್ನು ಬಳಸಲು ಬಿಸಿಲನ್ನು ಬೇರೆ ಊರಿಂದ ತರಿಸಬೇಕು, ಅದು ಬೇರೆ ಮಾತು.

ರೋಲು ಮುಗಿದ ಮೇಲೆ ಅದನ್ನು ಬಿಗಿಯಾಗಿ ಹಿಡಿದು ನೆರಳಿನಲ್ಲಿ ತೆಗೆಯಬೇಕು, ಸಡಿಲವಾದರೆ ಅಂಚಿನಿಂದ ಬೆಳಕು ನುಗ್ಗುತ್ತದೆ. ಕೊನೆಗೆ ಒಂದು ಕಾಗದದ ಪಟ್ಟಿ ಇರುತ್ತದೆ. ಕೆಲವು ಕಂಪನಿಯವರ ಪಟ್ಟಿಯ ಗೋಂದನ್ನು ನಾಲಗೆಯಿಂದ ಒದ್ದೆ ಮಾಡಿ ಅಂಟಿಸುವುದು ರೂಢಿ. ದೇವರ ಕೋಣೆಯ ಎದುರು, ಮಡಿಯುಟ್ಟ ದೊಡ್ಡಮ್ಮ ಹೋಳಿಗೆಯ ಬುಟ್ಟಿ ಹಿಡಿದು ಬರುತ್ತಿರುವಾಗ ಅದನ್ನು ನೆಕ್ಕಿದರೆ ಏನಾಗುತ್ತದೆ ಅಂತ ಕೈಪಿಡಿಯಲ್ಲಿ ಬರೆದಿಲ್ಲ. ಕ್ಯಾಮೆರಾ ಎಂಜಲು, ರೋಲು ಎಂಜಲು, ನಾನಂತೂ ಎಂಜಲೇ. ನನ್ನನ್ನು ಕೈ ತೊಳೆಯಲು ಬಚ್ಚಲಿಗೆ ಅಟ್ಟಿದರು. ರೋಲು ಜಗಲಿಯ ತುದಿಯಲ್ಲಿ ಸಂಜೆಯವರೆಗೂ ಒಂಟಿಯಾಗಿ ಕೂತಿತ್ತು. ಮಕ್ಕಳು ಮುಟ್ಟಲಿಲ್ಲ, ಭಾವನೂ ಮುಟ್ಟಲಿಲ್ಲ. ಈಗ ಪ್ರತಿ ಸಮಾರಂಭದಲ್ಲೂ ರೋಲು ಮುಗಿದ ಕೂಡಲೇ ನಾಲ್ಕು ಜನರ ಎದುರು ನಿಂತು ಚೆನ್ನಾಗಿ ನೆಕ್ಕುತ್ತೇನೆ.