ವಾಲ್ಟರ್ ಟಲ್ ಬಗ್ಗೆ ಓಡಾಡ್ತಿರೋ ಮೆಸೇಜ್: ಎರಡು ವಿಷ್ಯ ತಪ್ಪು

"ವಾಲ್ಟರ್ ಟಲ್ ಇಂಗ್ಲೆಂಡ್‌ನ ಮೊದಲ ಕಪ್ಪು ಪ್ರೊಫೆಷನಲ್ ಫುಟ್‌ಬಾಲರ್, ಮಿಲಿಟರಿ ಕ್ರಾಸ್ ಪದಕ ಗೆದ್ದವನು" ಅಂತ ಒಂದು ಫಾರ್ವರ್ಡ್ ಎಲ್ಲಾ ಗ್ರೂಪಲ್ಲೂ ಬರ್ತಿದೆ. ಎರಡೂ ಸರಿಯಿಲ್ಲ.

ಘಾನಾದಲ್ಲಿ ಹುಟ್ಟಿದ ಗೋಲ್‌ಕೀಪರ್ ಆರ್ಥರ್ ವಾರ್ಟನ್ 1889ರಲ್ಲೇ ಇಂಗ್ಲೆಂಡ್‌ನ ರಾದರಂ ಟೌನ್ ಕ್ಲಬ್‌ಗೆ ದುಡ್ಡು ತಗೊಂಡು ಆಡ್ತಿದ್ದ, ಆಗ ಟಲ್ ಇನ್ನೂ ಒಂದು ವರ್ಷದ ಮಗು.

ಇನ್ನು ಪದಕ, ಅಂದ್ರೆ ಯುದ್ಧದಲ್ಲಿ ಧೈರ್ಯ ತೋರಿದ್ದಕ್ಕೆ ಬ್ರಿಟನ್ ಕೊಡೋ ಮಿಲಿಟರಿ ಕ್ರಾಸ್. ಮೊದಲ ಮಹಾಯುದ್ಧದಲ್ಲಿ, 1918 ಮಾರ್ಚ್ 25ಕ್ಕೆ ಫ್ರಾನ್ಸಲ್ಲಿ ಟಲ್ ಸತ್ತಮೇಲೆ ಅವನ ಜೊತೆಗಿದ್ದ ಆಫೀಸರ್ ಒಬ್ರು ಅಣ್ಣ ಎಡ್ವರ್ಡ್‌ಗೆ ಕಾಗದ ಬರೆದ್ರು, ಅದ್ರಲ್ಲಿ ಇದ್ದಿದ್ದು ಮಿಲಿಟರಿ ಕ್ರಾಸ್‌ಗೆ ಶಿಫಾರಸು ಆಗಿತ್ತು ಅಂತ ಅಷ್ಟೇ, ಸಿಕ್ತು ಅಂತ ಅಲ್ಲ. ಕೊಟ್ಟಿದ್ರೆ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಹೆಸರು ಬರ್ಬೇಕಿತ್ತು, ಬಂದಿಲ್ಲ. ಅದಕ್ಕೇ ಈಗ್ಲಾದ್ರೂ ಕೊಡಿ ಅಂತ ಅಲ್ಲಿನ ಜನ ವರ್ಷಗಟ್ಟಲೆ ಕೇಳ್ತಿದಾರೆ, ಸಿಕ್ಕೇಬಿಟ್ಟಿದೆ ಅಂತ ನಾವು ಹಂಚಿದ್ರೆ ಆ ಅನ್ಯಾಯವೇ ಮುಚ್ಚಿಹೋಗುತ್ತೆ.

ನಿಜವಾದ ಕತೆನೇ ಸಾಕಷ್ಟು ದೊಡ್ಡದು ಕಣ್ರೀ. ಅನಾಥಾಶ್ರಮದಲ್ಲಿ ಬೆಳೆದ ಹುಡುಗ, 1909ರಲ್ಲಿ ಲಂಡನ್‌ನ ಟಾಟೆನ್‌ಹ್ಯಾಮ್ ಕ್ಲಬ್ ಸೇರಿದ, ಬ್ರಿಸ್ಟಲ್‌ನಲ್ಲಿ ಜನ ಬಣ್ಣ ಹಿಡಿದು ಬೈದ್ರೂ ಆಡ್ದ, ಆಮೇಲೆ ನಾರ್ಥಾಂಪ್ಟನ್ ಟೌನ್‌ಗೆ ನೂರಕ್ಕೂ ಹೆಚ್ಚು ಮ್ಯಾಚ್, 1917ರಲ್ಲಿ ಸೇನೆಯಲ್ಲಿ ಸೆಕೆಂಡ್ ಲೆಫ್ಟಿನೆಂಟ್. ಅವನ ದೇಹ ಸಿಗ್ಲೇ ಇಲ್ಲ, ಫ್ರಾನ್ಸಿನ ಅರಾಸ್ ಯುದ್ಧ ಸ್ಮಾರಕದ ಗೋಡೆ ಮೇಲೆ ಹೆಸರು ಮಾತ್ರ ಇದೆ.

ಹಳೇ ಮೆಸೇಜ್ ದಯವಿಟ್ಟು ಇನ್ನು ಕಳಿಸ್ಬೇಡಿ, ಕಳ್ಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.