ಸ್ಪೈಡರ್‌ಮ್ಯಾನ್ ಇಷ್ಟೊಂದು ಕೆಂಪಾಗಿರಲಿಲ್ಲ

ಹೋದ ತಿಂಗಳು ಒಂದು ದಪ್ಪ ಪುಸ್ತಕ ತರಿಸಿದೆ. 60ರ ದಶಕದ ಸ್ಪೈಡರ್‌ಮ್ಯಾನ್ ಕಥೆಗಳ ಮರುಮುದ್ರಣ, ಗಟ್ಟಿ ರಟ್ಟು, ಕನ್ನಡಿ ಥರ ಮಿಂಚುವ ಹಾಳೆ. ದುಡ್ಡೂ ಜಾಸ್ತಿನೇ ಆಯಿತು. ಎರಡು ಪುಟ ತಿರುವುವಷ್ಟರಲ್ಲಿ ಕಣ್ಣು ಉರಿಯಿತು. ಕೆಂಪು ಅಂದರೆ ಲಾರಿಯ ಬ್ರೇಕ್ ಲೈಟಿನ ಕೆಂಪು.

ನ್ಯೂಜೆರ್ಸಿಗೆ ಬಂದು 18 ವರ್ಷವಾಯಿತು. ಇಲ್ಲಿನ ಹಳೆ ಕಾಮಿಕ್ಸ್ ಅಂಗಡಿಗಳಲ್ಲಿ ಒಂದೊಂದು ಸಂಚಿಕೆಗೂ ಪ್ಲಾಸ್ಟಿಕ್ ಕವರು, ಬೆನ್ನಿಗೆ ಒಂದು ರಟ್ಟು. ಮುಟ್ಟುವುದಕ್ಕೇ ಭಯ. ನಮ್ಮಪ್ಪ ಇಂದ್ರಜಾಲ ಕಾಮಿಕ್ಸನ್ನು ಹತ್ತು ಹತ್ತು ಸೇರಿಸಿ ಬೈಂಡ್ ಮಾಡಿಸುತ್ತಿದ್ದರು, ಬೈಂಡಿಂಗ್‌ನವನು ಅಂಚು ಕತ್ತರಿಸುವಾಗ ಫ್ಯಾಂಟಮ್‌ನ ಮೊಣಕೈಯೂ ಹೋಗಿಬಿಡುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಳೆ ಕಾಗದಕ್ಕೆ ಇಷ್ಟು ಮರ್ಯಾದೆ ಕೊಡುವ ಈ ಜನ ಅದನ್ನೇ ಮತ್ತೆ ಅಚ್ಚು ಹಾಕುವಾಗ ಕಾಗದವನ್ನೇ ಮರೆಯುತ್ತಾರಲ್ಲ, ಅದೇ ನನ್ನ ತಕರಾರು.

ಆಗಿನ ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ನೀಲಿ, ಕೆಂಪು, ಹಳದಿ, ಈ ಮೂರು ಶಾಯಿಯ ಚುಕ್ಕಿ ಎಷ್ಟು ದಟ್ಟವಾಗಿರಬೇಕು ಅನ್ನುವುದಕ್ಕೆ ಸಾಮಾನ್ಯವಾಗಿ ಮೂರೇ ಹದ: 25%, 50%, 100%. ಬೇಡ ಅಂದರೆ ಸೊನ್ನೆ. ಒಂದೊಂದು ಶಾಯಿಗೆ ನಾಲ್ಕು ಆಯ್ಕೆ, 4×4×4, ಒಟ್ಟು 64 ಬಣ್ಣ, ಮುಗೀತು. ಕಪ್ಪು ಹೆಚ್ಚಾಗಿ ಗೆರೆಗೆ ಮಾತ್ರ. ನ್ಯೂಸ್‌ಪ್ರಿಂಟ್ ಶಾಯಿ ಕುಡಿಯುತ್ತದೆ, ಬಣ್ಣ ಮಂಕಾಗುತ್ತದೆ. ಇದು ಗೊತ್ತಿದ್ದೇ ಬಣ್ಣದವರು ಗಾಢವಾದದ್ದನ್ನು ಆರಿಸುತ್ತಿದ್ದರು. ಅದೇ ಅಳತೆಯನ್ನು ಬಿಳಿ ಹೊಳಪಿನ ಹಾಳೆಗೆ ಸುರಿದರೆ ಹತ್ತು ಜನರ ಹುಳಿಯ ಉಪ್ಪನ್ನು ಒಂದು ಲೋಟ ಸಾರಿಗೆ ಹಾಕಿದ ಹಾಗೆ.

ಹಲ್ಕ್ ಕಥೆ ಕೇಳಿ. 1962ರ ಮೊದಲ ಸಂಚಿಕೆಯಲ್ಲಿ ಅವನದು ಬೂದು ಮೈ. ಆದರೆ ಮೂರು ಶಾಯಿಯ ಚುಕ್ಕಿ ಸೇರಿಸಿ ಬೂದು ಬರಿಸುವುದು ಕಷ್ಟ, ಒಂದು ಶಾಯಿ ಚೂರು ಏರಿದರೂ ಬಣ್ಣ ವಾಲುತ್ತದೆ. ಒಂದು ಚೌಕದಲ್ಲಿ ತಿಳಿ ಬೂದು, ಇನ್ನೊಂದರಲ್ಲಿ ಕಪ್ಪು, ಮತ್ತೊಂದರಲ್ಲಿ ಹಸಿರು ಛಾಯೆ. ಎರಡನೇ ಸಂಚಿಕೆಗೆ ಹಸಿರೇ ಇರಲಿ ಎಂದುಬಿಟ್ಟರು. ಆಮೇಲೆ ಸುಮಾರು ಎರಡು ದಶಕ ಆ ಮೊದಲ ಕಥೆಯನ್ನು ಮತ್ತೆ ಅಚ್ಚು ಹಾಕಿದಾಗಲೂ ಅವನಿಗೆ ಹಸಿರು ಬಳಿದರು! ಅಚ್ಚುಕೂಟದ ಎಡವಟ್ಟಿನಿಂದ ಹುಟ್ಟಿದ ಬಣ್ಣ ಹಿಂದಕ್ಕೆ ಹೋಗಿ ಹುಟ್ಟಿದ ದಿನವನ್ನೂ ತಿದ್ದಿತು.

ಹಾಳೆಗಿಂತಲೂ ನನಗೆ ಸಿಟ್ಟು ಬರುವುದು ಕಂಪ್ಯೂಟರಿನಲ್ಲಿ ಹೊಸದಾಗಿ ಬಣ್ಣ ತುಂಬಿದ್ದನ್ನು ನೋಡಿದಾಗ. ಆಗ ಚಿತ್ರ ಬರೆಯುವವನು ನೆರಳನ್ನೂ ಶಾಯಿಯಲ್ಲೇ, ಸಣ್ಣ ಸಣ್ಣ ಅಡ್ಡಗೆರೆ ಎಳೆದು ತೋರಿಸಿರುತ್ತಿದ್ದ. ಅದರ ಮೇಲೆ ಕೆನ್ನೆಗೊಂದು ಹೊಳಪು, ತೋಳಿಗೊಂದು ಹೊಳಪು ಕೊಟ್ಟರೆ ಒಂದೇ ಮುಖಕ್ಕೆ ಎರಡು ನೆರಳು. ಊರಿನ ಗುಡಿಯ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಹೊಡೆಯುತ್ತಾರಲ್ಲ, ಥೇಟ್ ಹಾಗೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತಲೂ ಅಲ್ಲ. ಬ್ಯಾಟ್‌ಮ್ಯಾನ್‌ನ ‘ದಿ ಕಿಲ್ಲಿಂಗ್ ಜೋಕ್’ 1988ರಲ್ಲಿ ಬಂದಾಗ ಬಣ್ಣ ತುಂಬಿದ್ದು ಜಾನ್ ಹಿಗಿನ್ಸ್. ಕಿತ್ತಳೆ, ನೇರಳೆ, ಜಾತ್ರೆಯ ರಾತ್ರಿಯ ಹಾಗೆ. ಚಿತ್ರ ಬರೆದ ಬ್ರಯಾನ್ ಬೋಲಂಡ್ 2008ರ ಆವೃತ್ತಿಗೆ ಅದನ್ನೆಲ್ಲ ತೆಗೆದು ತಾನೇ ಬಣ್ಣ ಹಾಕಿದರು. ಹಳೆ ನೆನಪಿನ ಪುಟಗಳು ಹೆಚ್ಚುಕಮ್ಮಿ ಕಪ್ಪು ಬಿಳುಪು, ಅಲ್ಲಲ್ಲಿ ಒಂದೇ ಒಂದು ಕೆಂಪು ವಸ್ತು. ಬ್ಯಾಟ್‌ಮ್ಯಾನ್ ಎದೆಯ ಮೇಲಿನ ಹಳದಿ ವೃತ್ತವೂ ಮಾಯ. ಚೆನ್ನಾಗಿಯೇ ಇದೆ, ಸುಳ್ಳು ಹೇಳಲಾರೆ. ಆದರೆ ಓದುತ್ತಾ ನನಗೆ ಭಯವಾಗಿದ್ದು ಆ ಕೆಟ್ಟ ಕಿತ್ತಳೆಯಿಂದ. ಚಿತ್ರಗಾರನಿಗೆ ತನ್ನ ಚಿತ್ರ ತಿದ್ದುವ ಹಕ್ಕಿದೆ ಅಂದರೆ ಒಪ್ಪುತ್ತೇನೆ, ಆದರೆ ಬಣ್ಣದವನ ಕೆಲಸವೂ ಒಂದು ಕೆಲಸವೇ ಅಲ್ವಾ? 60ರ ದಶಕದಲ್ಲಿ ಸ್ಪೈಡರ್‌ಮ್ಯಾನ್, ಹಲ್ಕ್ ಕಥೆಗಳ ಪ್ರಕಾಶಕರಾದ ಮಾರ್ವೆಲ್‌ಗೆ ರಾಶಿಗಟ್ಟಲೆ ಬಣ್ಣ ಹಾಕಿದ ಸ್ಟ್ಯಾನ್ ಗೋಲ್ಡ್‌ಬರ್ಗ್ ಹೆಸರನ್ನು ಆಗಿನ ಮೊದಲ ಪುಟಗಳಲ್ಲಿ ಹುಡುಕಿ ನೋಡಿ. ಬರೆದವರದು ಇದೆ, ಅಕ್ಷರ ಕೂರಿಸಿದವರದೂ ಇದೆ.

ಫ್ಯಾಂಟಮ್ ವಿಷಯದಲ್ಲಿ ಮಾತ್ರ ಈ ಮಡಿವಂತಿಕೆ ನಡೆಯುವುದಿಲ್ಲ ಬಿಡಿ. ಅವನನ್ನು ಸೃಷ್ಟಿಸಿದ ಲೀ ಫಾಕ್ ಮನಸ್ಸಿನಲ್ಲಿದ್ದದ್ದು ಬೂದು, 1939ರ ಪತ್ರಿಕೆಗಳ ಭಾನುವಾರದ ಪುಟದಲ್ಲಿ ಬಂದದ್ದು ನೇರಳೆ, ಸ್ವೀಡನ್‌ನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ಯಾವುದು ಅಸಲಿ ಅಂತ ಯಾರ ಹತ್ತಿರ ಜಗಳ ಆಡೋದು?

ಸರಿಯಾಗಿ ಮಾಡುವವರೂ ಇದ್ದಾರೆ. ಜರ್ಮನಿಯ ಪ್ರಕಾಶಕರು ಟಾಶೆನ್‌ನವರು ಮಾರ್ವೆಲ್‌ನ ಹಳೆ ಸಂಚಿಕೆಗಳನ್ನೇ ಫೋಟೋ ತೆಗೆದು, ಹೊಳಪಿಲ್ಲದ ಹಾಳೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಚುಕ್ಕಿ ಚುಕ್ಕಿಯೂ ಕಾಣುತ್ತದೆ. ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು, ಅದು ಬೇರೆ ಮಾತು.

ಮೊನ್ನೆ ಭಾನುವಾರ ಮಗಳನ್ನು ಕೂರಿಸಿಕೊಂಡು, ಹೊದಿಕೆ ಹರಿದ ಕಾರಣಕ್ಕೆ ಅಗ್ಗವಾಗಿ ಸಿಕ್ಕ ಒಂದು ಹಳೆ ಸಂಚಿಕೆಯನ್ನೂ ಈ ದಪ್ಪ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟೆ. ಭೂತಗನ್ನಡಿ ಕೊಟ್ಟೆ. ಹಳೆಯದರಲ್ಲಿ ಮುಖವಾಡದ ಕೆಂಪು ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಹೋಗಿತ್ತು.

“ಅಪ್ಪಾ, ಬಣ್ಣ ಆಚೆ ಹೋಗಿದೆ.”

“ಹೌದು ಪುಟ್ಟಿ, ಅಚ್ಚು ಹಾಕುವಾಗ ಹಾಳೆ ಸರಿದಿದೆ.”

ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದಪ್ಪ ಪುಸ್ತಕವನ್ನು ಆ ಕಡೆ ತಳ್ಳಿ, “ಇದರಲ್ಲಿ ಟ್ಯೂಬ್‌ಲೈಟೇ ಕಾಣ್ತಿದೆ, ಸ್ಪೈಡರ್‌ಮ್ಯಾನ್ ಕಾಣ್ತಿಲ್ಲ” ಅಂದಳು.