ಬಿಚ್ಚಿಟ್ಟಿದ್ದನ್ನ ಮಡಚಬೇಡ್ರಪ್ಪ

ಪ್ರೋಗ್ರಾಂನ ಮಧ್ಯದಲ್ಲಿ ನಿಲ್ಲಿಸಿ ತಪ್ಪು ಹುಡುಕೋ ಡಿಬಗ್ಗರಲ್ಲಿ, ವ್ಯಾಲ್ಯೂ ಹಿಡಿದಿಡೋ ವೇರಿಯಬಲ್ ಪಕ್ಕ ಒಂದು ಪುಟ್ಟ ತ್ರಿಕೋನ ಇರುತ್ತಲ್ಲ, ಒತ್ತಿದ್ರೆ ಒಳಗಿರೋದೆಲ್ಲ ಕೆಳಗೆ ಸಾಲಾಗಿ ಬಿಚ್ಕೊಳ್ಳುತ್ತೆ, ನನ್ನ ದಿನದ ಅರ್ಧ ಸಿಟ್ಟು ಅದರ ಮೇಲೇನೇ. ಲೋಕಲ್ ಸ್ಕೋಪ್, ಅಂದ್ರೆ ಈಗ ಓಡ್ತಿರೋ ಫಂಕ್ಷನ್ನಿನ ವೇರಿಯಬಲ್‌ಗಳ ಗುಂಪು, ತೆಗಿ, ಅದ್ರಲ್ಲಿ ಆರ್ಡರ್, ಅದರೊಳಗೆ ಐಟಮ್ಸ್, ಅದ್ರಲ್ಲಿ ಸೊನ್ನೆನೇದು, ಅದರೊಳಗೆ ಟ್ಯಾಕ್ಸ್. ಹಾಂ, 18 ಇದೆ. ಎಫ್10 ಒತ್ತಿ ಒಂದೇ ಒಂದು ಲೈನ್ ಮುಂದೆ ಹೋಗಿ, ಈಗೇನಾಯ್ತು ನೋಡಣ ಅಂದ್ರೆ ಎಲ್ಲಾ ಮಡಚ್ಕೊಂಡು ಏನೂ ಗೊತ್ತಿಲ್ದಂಗೆ ಕೂತಿರುತ್ತೆ. ಮತ್ತೆ ಮೊದಲಿಂದ ಬಿಚ್ಚು. ನಾವು ಬಿಚ್ಚಿಟ್ಟಿದ್ದನ್ನ ಡಿಬಗ್ಗರೇ ನೆನಪಿಟ್ಕೊಂಡು ಹಂಗೇ ಬಿಟ್ಟಿರ್ಬೇಕು ಅನ್ನೋದು ನನ್ನ ವಾದ. ಬೆಳಿಗ್ಗೆ ತುಮಕೂರಿಂದ ಯಶವಂತಪುರದ ಕಡೆ ಟ್ರೈನಲ್ಲಿ, ಪಕ್ಕದವರ ಮೊಣಕೈ ತಪ್ಪಿಸ್ಕೊಂಡು, ಅಲ್ಲಾಡೋ ಲ್ಯಾಪ್‌ಟಾಪಲ್ಲಿ ಆ ತ್ರಿಕೋನಕ್ಕೆ ಗುರಿ ಇಟ್ಟು ಇಟ್ಟು ಹಿರೇಹಳ್ಳಿ ಬರೋಷ್ಟರಲ್ಲೇ ಸಾಕಾಗೋಗಿರುತ್ತೆ.

ಕಾರಣ ಇಲ್ದೇ ಇಲ್ಲ. ಕೋಡ್ ಬರೆಯೋ ವಿಎಸ್ ಕೋಡ್ ಎಡಿಟರ್ ಡಿಬಗ್ಗರ್ ಜೊತೆ ಮಾತಾಡೋಕೆ ಬಳಸೋ ಡಿಬಗ್ ಅಡಾಪ್ಟರ್ ಪ್ರೋಟೋಕಾಲಲ್ಲಿ ಬಿಚ್ಚೋಕಾಗೋ ಪ್ರತಿ ವೇರಿಯಬಲ್‌ಗೂ ಒಂದು ನಂಬರ್ ಇರುತ್ತೆ, ಒಳಗೇನೂ ಇಲ್ದಿದ್ರೆ 0, ಆದ್ರೆ ಆ ನಂಬರ್ ನಡಿಯೋದು ಪ್ರೋಗ್ರಾಂ ನಿಂತಿರೋವರೆಗೆ ಅಷ್ಟೇ, ಒಂದು ಸ್ಟೆಪ್ ಹೋದ್ರೂ ಹಳೇದು ರದ್ದು. ಹಂಗಾಗಿ ಬಿಚ್ಚಿಟ್ಟಿದ್ದು ಯಾವುದು ಅಂತ ನೆನಪಿಡೋಕೆ ನಂಬರ್ ಹಿಡ್ಕೊಂಡು ಪ್ರಯೋಜನ ಇಲ್ಲ, ಹೆಸರು ಹಿಡ್ಕೋಬೇಕು.

ಬರೀ ಹೆಸರು ಸಾಕಾ ಅಂದ್ರೆ, ಅದೂ ಸಾಲಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟ್ಲಲ್ಲಿ ದಿನಾ ಬರೋರನ್ನ ಸಪ್ಲೈಯರ್ ಏನೂ ಕೇಳಲ್ಲ, ಕೂರ್ತಿದ್ದಂಗೆ ಎರಡು ಇಡ್ಲಿ, ಬೆಣ್ಣೆ ಜಾಸ್ತಿ, ಬಂದುಬಿಡುತ್ತೆ. ಅವನೇನಾದ್ರೂ ಮುಖ ಬಿಟ್ಟು ಟೇಬಲ್ ನೆನಪಿಟ್ಕೊಂಡಿದ್ರೆ ಅಲ್ಲಿ ಯಾರು ಕೂತ್ರೂ ಬೆಣ್ಣೆ ಇಡ್ಲಿನೇ ಗತಿ. ಇಲ್ಲೂ ಹಂಗೇ, ಎಫ್11 ಒತ್ತಿ ಇನ್ನೊಂದು ಫಂಕ್ಷನ್ ಒಳಗೆ ಇಳಿದ್ರೆ ಅಲ್ಲೂ ಲೋಕಲ್ ಇರುತ್ತೆ, ಅಲ್ಲೂ ಐಟಮ್ಸ್ ಇರ್ಬಹುದು, ಆದ್ರೆ ಅದು ಬೇರೆ ಗಿರಾಕಿ. ಯಾವ ಫಂಕ್ಷನ್ನು, ಯಾವ ಸ್ಕೋಪು, ಆಮೇಲೆ ಹೆಸರು, ಮೂರೂ ಸೇರ್ಸಿ ಗುರುತು ಇಟ್ಕೋಬೇಕು, ವಾಪಸ್ ಮೇಲಕ್ಕೆ ಬಂದಾಗ ನಮ್ಮ ಹಳೇ ಆರ್ಡರ್ ಬಿಚ್ಕೊಂಡಂಗೇ ಸಿಗಬೇಕು. ರಿಕರ್ಶನ್, ಅಂದ್ರೆ ಫಂಕ್ಷನ್ ತನ್ನನ್ನೇ ತಾನು ಮತ್ತೆ ಮತ್ತೆ ಕರೆಯೋದು, ಆದ್ರೆ? ಎಲ್ಲಾ ಹಂತದಲ್ಲೂ ತೆರೆದೇ ಇರ್ಲಿ ಅಂತೀನಿ ನಾನು, ಅಲ್ಲಿ ನಾವು ನೋಡ್ತಿರೋದೇ ಅದೊಂದು ವ್ಯಾಲ್ಯೂ ಹೆಂಗೆ ಬದಲಾಗ್ತಿದೆ ಅಂತ.

ವಾಚ್‌ಗೆ, ಅಂದ್ರೆ ಬೇಕಾದ ವೇರಿಯಬಲ್ ಹೆಸರು ಬರೆದು ಸದಾ ಕಣ್ಣಿಟ್ಟಿರೋ ಪಟ್ಟಿಗೆ, ಹಾಕ್ಕೊಳ್ಳಿ ಸಾರ್ ಅಂತಾರೆ ಆಫೀಸಲ್ಲಿ ಹುಡುಗ್ರು. ಹಾಕ್ಬಹುದು, ಏನು ಹುಡುಕ್ತಿದೀನಿ ಅಂತ ಗೊತ್ತಿದ್ರೆ.

ಹಂಗಂತ ಎಲ್ಲಾನೂ ತಾನಾಗೇ ಬಿಚ್ಕೊಳ್ಳೋದೂ ಬೇಡ. ಜಾವಾಸ್ಕ್ರಿಪ್ಟಲ್ಲಿ ಗೆಟರ್ ಅಂತಿದೆ, ಅದರ ವ್ಯಾಲ್ಯೂ ನೋಡೋದು ಅಂದ್ರೇನೇ ಕೋಡ್ ಓಡ್ಸೋದು, ಅದಕ್ಕೇ ಕ್ರೋಮ್ ಮೂರು ಚುಕ್ಕೆ ಇಟ್ಟು ನಾವು ಒತ್ತೋವರೆಗೂ ಸುಮ್ನಿರುತ್ತೆ. ಅದನ್ನ ಪ್ರತಿ ಸ್ಟೆಪ್‌ಗೂ ತಾನೇ ಒತ್ತಿದ್ರೆ ಬಗ್ ನೋಡೋಕೆ ಹೋಗಿ ಹೊಸ ಬಗ್ ಹುಟ್ಟಿಸ್ದಂಗೆ. ಇನ್ನು ಇಡೀ ಪ್ರೋಗ್ರಾಂಗೆ ಸಿಗೋ ವೇರಿಯಬಲ್‌ಗಳ ಗ್ಲೋಬಲ್ ಸ್ಕೋಪ್, ಅದು ಮಡಚ್ಕೊಂಡೇ ಇರ್ಲಿ ಬಿಡಿ, ಇಂಥ ಸ್ಕೋಪ್ ತಂದು ತೋರ್ಸೋಕೆ ದುಬಾರಿ ಅಂತ ಗುರುತು ಹಾಕೋಕೆ ಆ ಪ್ರೋಟೋಕಾಲಲ್ಲೇ ಜಾಗ ಇಟ್ಟಿದಾರೆ.